ಹದಿನಾಲ್ಕನೇ ಪೆಟ್ಟಿಗೆಯ ಬಿಸಿಲು

“ಗಾಳಿ ತಿರುಗಿದ ತಕ್ಷಣ ಹಚ್ಚೋದೇ,” ಎಂದರು ಅಗ್ನಿಶಾಮಕ ದಳದ ಕ್ಯಾಪ್ಟನ್. ನಕ್ಷೆಯಿಂದ ತಲೆ ಎತ್ತಲಿಲ್ಲ.

ಮೇಜಿನ ಈಚೆ ನಿಂತಿದ್ದ ಎಂಜಿನಿಯರ್ ಎರಡೂ ಕೈಗಳನ್ನು ನಕ್ಷೆಯ ಮೇಲೆ ಊರಿದಳು. ಅವರು ಪೆನ್ಸಿಲ್ ಆಡಿಸುತ್ತಿದ್ದ ಕಣಿವೆ ಅವಳ ಅಂಗೈ ಕೆಳಗೆ ಮುಚ್ಚಿಹೋಯಿತು.

“ಅಲ್ಲಿ ನಮ್ಮಣ್ಣ ಇದ್ದರೆ?”

“ನಿಮ್ಮಣ್ಣನ್ನ ಮೊನ್ನೆಯಿಂದ ಹುಡುಕ್ತಿದೀವಮ್ಮ. ಪೂರ್ವದ ಇಳಿಜಾರು ಪೊದೆಪೊದೆಯಾಗಿ ಜಾಲಾಡಿದೀವಿ. ಕೈ ತೆಗೀರಿ.”

ಅವಳು ತೆಗೆಯಲಿಲ್ಲ. ಕ್ಯಾಪ್ಟನ್ ತಾವೇ ಅವಳ ಮಣಿಕಟ್ಟು ಹಿಡಿದು, ಒರಟಾಗಿ ಅಲ್ಲ, ಪಕ್ಕಕ್ಕೆ ಸರಿಸಿದರು. ಅವರ ಕಣ್ಣುಗಳು ಕೆಂಪಾಗಿದ್ದವು. ಹುಬ್ಬಿನ ಕೂದಲು ಅಲ್ಲಲ್ಲಿ ಸುಟ್ಟು ಸುರುಟಿಕೊಂಡಿತ್ತು.

ಅವರ ಲೆಕ್ಕ ಸರಳವಾಗಿತ್ತು. ಗುಡ್ಡದ ಪಶ್ಚಿಮದ ಇಳಿಜಾರಿನಿಂದ ಬೆಂಕಿ ಇಳಿದುಬರುತ್ತಿದೆ. ಅದರ ಕೆಳಗೆ ಕಣಿವೆ. ಕಣಿವೆ ದಾಟಿದರೆ ಮನೆಗಳು. ಕಣಿವೆಯ ಈಚಿನ ಅಂಚಿನುದ್ದಕ್ಕೂ ತಾವೇ ಬೆಂಕಿ ಹಚ್ಚಿದರೆ ಅದು ಮೇಲಿನ ಬೆಂಕಿಯ ಕಡೆಗೆ ಹೋಗುತ್ತಾ ನಡುವಿನ ಒಣ ತರಗು, ಪೊದೆ ಎಲ್ಲವನ್ನೂ ತಿಂದು ಮುಗಿಸುತ್ತದೆ. ಆಮೇಲೆ ಮೇಲಿನದಕ್ಕೆ ಉರಿಯಲು ಏನೂ ಉಳಿದಿರುವುದಿಲ್ಲ. ಆದರೆ ಹಾಗೆ ಹಚ್ಚಲು ಗಾಳಿ ಮನೆಗಳ ಕಡೆಯಿಂದ ಕಾಡಿನ ಕಡೆಗೆ ಬೀಸುತ್ತಿರಬೇಕು. ಸಂಜೆಗೆ ಮುಂಚೆ ಸ್ವಲ್ಪ ಹೊತ್ತು ಮಾತ್ರ ಹಾಗೆ ಬೀಸುತ್ತದೆ. ಅದು ತಪ್ಪಿದರೆ ಇನ್ನೊಂದು ಅವಕಾಶವಿಲ್ಲ.

ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಇನ್ಸ್‌ಪೆಕ್ಟರ್ ಎದ್ದು ಬಂದರು. ನಿವೃತ್ತಿಗೆ ಹತ್ತಿರವಾದ ಹೆಂಗಸು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಎಳ್ಳಷ್ಟೂ ನಾಚಿಕೆಯಿಲ್ಲ. ಬೆಂಕಿ ಹೊತ್ತಿಕೊಂಡ ದಿನ ಪಶ್ಚಿಮದ ಸೆನ್ಸರ್ ಪೆಟ್ಟಿಗೆ ಯಾಕೆ ಬಾಯಿ ಬಿಡಲಿಲ್ಲ, ಅಂದೇ ಕಾಡಿಗೆ ಹೋದ ಕಾವಲುಗಾರ, ಅಂದರೆ ಇವಳ ಅಣ್ಣ, ಏನಾದ ಎಂಬ ಎರಡು ಪ್ರಶ್ನೆ ಹಿಡಿದುಕೊಂಡು ಅವರು ನಿನ್ನೆಯಿಂದ ಇಲ್ಲಿದ್ದರು.

“ಕಾವಲುಗಾರರ ಕೊನೇ ಮಾತು ಏನಿತ್ತು?” ಎಂದು ಕೇಳಿದರು.

“ಎಷ್ಟು ಸಲ ಹೇಳ್ಲಿ ಮೇಡಂ. ‘ಹದಿನಾಲ್ಕರ ಹತ್ರ ಹೋಗ್ತಿದೀನಿ’ ಅಂತ ಫೋನಲ್ಲಿ ಹೇಳಿದ್ದು. ಕಾಡೊಳಗೆ ಇಳಿದ ಮೇಲೆ ಸಿಗ್ನಲ್ ಇಲ್ಲ. ಹದಿನಾಲ್ಕು ಇರೋದು ಪೂರ್ವದಲ್ಲಿ. ಅಲ್ಲೇ ಹುಡುಕಿದ್ವಿ. ಸಿಗಲಿಲ್ಲ.”

ಅಷ್ಟು ಹೇಳಿ ಕ್ಯಾಪ್ಟನ್ ನಕ್ಷೆ ಮಡಚಿ ಕಂಕುಳಲ್ಲಿಟ್ಟುಕೊಂಡರು. ಹೊರಗೆ ಜೀಪು ಆಗಲೇ ಗುರುಗುಡುತ್ತಿತ್ತು. ಹೊರಡುವ ಮುನ್ನ ಒಂದು ವೈರ್‌ಲೆಸ್ ಸೆಟ್ಟನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟು, ಹೊಸದೇನಾದರೂ ಇದ್ದರೆ ಹೇಳಿ, ಹಳೇದಾಗಿದ್ದರೆ ಬೇಡ ಎಂದರು.

ಮಹಡಿಯ ಕಂಟ್ರೋಲ್ ರೂಮಿನ ಕಿಟಕಿ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದ್ದರೂ ಹೊಗೆ ಒಳಗೆ ಬಂದು ಟ್ಯೂಬ್‌ಲೈಟಿನ ಸುತ್ತ ನಿಂತಿತ್ತು. ಎಂಜಿನಿಯರ್ ಬಾಗಿಲಲ್ಲೇ ತಡೆದು ನಿಂತಳು. ಪೆಟ್ಟಿಗೆ ಬಾಯಿ ಬಿಡದ್ದಕ್ಕೆ ಅಮಾನತಾದ ದಿನದಿಂದ ಅವಳು ಈ ಕೋಣೆಗೆ ಕಾಲಿಡುವಂತಿರಲಿಲ್ಲ.

“ನಾನು ಕರ್ಕೊಂಡು ಬಂದಿದೀನಿ,” ಎಂದರು ಇನ್ಸ್‌ಪೆಕ್ಟರ್. “ಕೂತ್ಕೊ.”

ಗೋಡೆಯ ಪರದೆಯ ಮೇಲೆ ಗುಡ್ಡದ ಚಿತ್ರ. ಅದರ ತುಂಬ ಅಂಕಿ ಹೊತ್ತ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಮರಕ್ಕೆ ಕಟ್ಟಿದ ಒಂದು ಪೆಟ್ಟಿಗೆ. ಬಿಸಿ, ತೇವ, ಹೊಗೆ ಅಳೆದು, ಆಗಾಗ ಒಂದು ಚಿಕ್ಕ ಸಂದೇಶವನ್ನು ಗುಡ್ಡದ ತುದಿಯ ಗೋಪುರಕ್ಕೆ ಕಳಿಸುತ್ತದೆ. ಮೈಲಿಗಟ್ಟಲೆ ದೂರದಿಂದಲೂ ಗೋಪುರಕ್ಕೆ ಅದು ಕೇಳಿಸುತ್ತದೆ. ಈ ವ್ಯವಸ್ಥೆ ಕಟ್ಟಿದವಳು ಇವಳೇ. ಮೊನ್ನೆ ಪಶ್ಚಿಮದ ಇಳಿಜಾರು ಧಗಧಗ ಉರಿಯುತ್ತಿದ್ದಾಗ, ಅದರ ಕೆಳಗಿನ ಕಣಿವೆಯ ಮೂವತ್ತೊಂದನೇ ಪೆಟ್ಟಿಗೆ ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿತ್ತು. ಹದಿನಾಲ್ಕು ಕೂಗಿತ್ತಂತೆ. ಆದರೆ ಹದಿನಾಲ್ಕು ಕೂಗುವುದು ಹೊಸದಲ್ಲ. ಬೇಸಿಗೆ ಪೂರ್ತಿ ಅದು ಹೊಗೆ ಹೊಗೆ ಎಂದಿತ್ತು. ಪೂರ್ವದ ಇಳಿಜಾರಿಗೆ ಓಡಿಹೋದವರಿಗೆ ಒಂದು ಬೀಡಿ ತುಂಡೂ ಸಿಕ್ಕಿರಲಿಲ್ಲ. ಕೊನೆಗೆ ಅದರ ಗಂಟೆಯನ್ನು ಇಲ್ಲಿ ಬಂದ್ ಮಾಡಿಟ್ಟಿದ್ದರು. ಹುಚ್ಚು ಪೆಟ್ಟಿಗೆ ಎಂದು ಹೆಸರೂ ಬಿದ್ದಿತ್ತು.

ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ, ಹುಚ್ಚು ಪೆಟ್ಟಿಗೆಯ ದಿನಚರಿ ತೋರಿಸು ಎಂದರು. ಬಿಸಿಯ ಗೆರೆಯೊಂದು ಪರದೆಯ ಅಡ್ಡಕ್ಕೆ ಓಡಿತು. ದಿನಕ್ಕೊಂದು ಡುಬ್ಬ.

“ಈ ಡುಬ್ಬ ಏನು?”

“ಬಿಸಿಲು ಮೇಡಂ. ಪೆಟ್ಟಿಗೆ ಮೇಲೆ ನೇರ ಬಿಸಿಲು ಬಿದ್ದಾಗ ಗೆರೆ ಏರುತ್ತೆ. ಅದನ್ನ ಬೆಂಕಿ ಅಂದ್ಕೊಂಡು ಕೂಗಬಾರದು ಅಂತ ಪ್ರೋಗ್ರಾಂ ಅದನ್ನ ಕಳೆದುಬಿಡುತ್ತೆ. ಒಂದೊಂದು ಪೆಟ್ಟಿಗೆಯ ಅಭ್ಯಾಸವನ್ನೂ ಅದೇ ಕಲಿತುಕೊಳ್ಳುತ್ತೆ. ಹಾಗಾಗಿ ಈ ಗೆರೆ ನಾವು ಯಾರೂ ನೋಡೋದೇ ಇಲ್ಲ.”

“ಡುಬ್ಬ ಮಧ್ಯಾಹ್ನದ ಮೇಲೆ ಎದ್ದಿದೆ.”

“ಹೌದು.”

“ಹದಿನಾಲ್ಕು ಪೂರ್ವದ ಇಳಿಜಾರಲ್ಲಿದೆ ಅಂದ್ರಲ್ಲ. ಅಲ್ಲಿಗೆ ಬಿಸಿಲು ಬೆಳಿಗ್ಗೆ ಬೀಳಬೇಕು. ಮಧ್ಯಾಹ್ನದ ಹೊತ್ತಿಗೆ ಗುಡ್ಡ ಅಡ್ಡ ಬಂದು ನೆರಳಾಗಿರುತ್ತೆ. ಅಲ್ವಾ?”

ಎಂಜಿನಿಯರ್ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಆಮೇಲೆ ಮೂವತ್ತೊಂದರ ಗೆರೆ ತೆಗೆದಳು. ಪಶ್ಚಿಮದಲ್ಲಿರಬೇಕಾದ ಪೆಟ್ಟಿಗೆ. ಅದರ ಡುಬ್ಬ ಬೆಳಿಗ್ಗೆ ಎದ್ದಿತ್ತು.

ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸುತ್ತಾ ಹೋದಳು. ಬೇಸಿಗೆಗೆ ಮೊದಲು ಬ್ಯಾಟರಿ ಬದಲಿಸಿದ ದಿನದವರೆಗೆ ಹೋಗಿ ನಿಲ್ಲಿಸಿದಳು. ಅದಕ್ಕೂ ಹಿಂದೆ ಎರಡೂ ಪೆಟ್ಟಿಗೆಗಳು ಸರಿಯಾದ ಹೊತ್ತಿನಲ್ಲಿ ಬಿಸಿಲು ಕಾಯಿಸಿಕೊಂಡಿದ್ದವು. ಆ ದಿನದಿಂದ ಈಚೆಗೆ ಹದಿನಾಲ್ಕರ ಬಿಸಿಲು ಮೂವತ್ತೊಂದಕ್ಕೆ, ಮೂವತ್ತೊಂದರದ್ದು ಹದಿನಾಲ್ಕಕ್ಕೆ.

“ಅದಲು ಬದಲು,” ಎಂದಳು. “ನನ್ನ ಪ್ರೋಗ್ರಾಂ ಎರಡೇ ವಾರದಲ್ಲಿ ಇದನ್ನೂ ಅಭ್ಯಾಸ ಅಂತ ಕಲಿತುಬಿಟ್ಟಿದೆ. ಕಲಿತು ಸುಮ್ಮನಾಗಿದೆ.”

ಮೂವತ್ತೊಂದು ಸುಳ್ಳು ಹೇಳಿರಲಿಲ್ಲ. ಅದು ನೇತಾಡುತ್ತಿದ್ದ ಪೂರ್ವದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಹದಿನಾಲ್ಕಕ್ಕೂ ಹುಚ್ಚು ಹಿಡಿದಿರಲಿಲ್ಲ. ಬೇಸಿಗೆಯುದ್ದಕ್ಕೂ ಅದು ಕಂಡ ಹೊಗೆ ನಿಜವಾದ ಹೊಗೆ. ಆದರೆ ಪಶ್ಚಿಮದಲ್ಲಿ.

ಇನ್ಸ್‌ಪೆಕ್ಟರ್ ಅವಳ ಮುಖವನ್ನೇ ನೋಡುತ್ತಿದ್ದರು. ಕಾವಲುಗಾರರ ಬಳಿ ನಕ್ಷೆ ಇರುತ್ತಿತ್ತೇ ಎಂದು ಕೇಳಿದರು. ಇಲ್ಲ, ಆಫೀಸಿನವರು ಅವರಿಗೆ ಇಳಿಜಾರಿನ ಹೆಸರು ಮಾತ್ರ ಹೇಳುತ್ತಾರೆ. ಪೆಟ್ಟಿಗೆಯ ಅಂಕಿಯನ್ನು ಅವರು ಓಡಾಡುವಾಗ ಅದರ ತಳದಲ್ಲಿ ಕಣ್ಣಾರೆ ಓದಿಕೊಂಡಿರುತ್ತಾರೆ, ಹಾಗೆ ಗುರುತಿಟ್ಟುಕೊಳ್ಳುತ್ತಾರೆ ಎಂದಳು. ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು.

“ಅಣ್ಣ ಹದಿನಾಲ್ಕನ್ನ ನೋಡಿದ್ದೇ ಪಶ್ಚಿಮದಲ್ಲಿ. ‘ಹದಿನಾಲ್ಕರ ಹತ್ರ’ ಅಂದರೆ ಅವನ ಪಾಲಿಗೆ ಆ ಕಣಿವೆ.”

ಇನ್ಸ್‌ಪೆಕ್ಟರ್ ಆಗಲೇ ವೈರ್‌ಲೆಸ್ ತೆಗೆದಿದ್ದರು. ಕ್ಯಾಪ್ಟನ್ ಎಲ್ಲವನ್ನೂ ಕೇಳಿಸಿಕೊಂಡರು. ಗರಗರ ಸದ್ದಿನ ನಡುವೆ ಅವರ ದನಿ ಬಂತು.

“ಅವರು ಅಲ್ಲಿಗೆ ಹೋದರು ಅಂತ ಒಪ್ಪಿದೆ. ಈಗಲೂ ಉಸಿರಾಡ್ತಿದಾರೆ ಅನ್ನೋದಕ್ಕೆ ಏನಿದೆ? ಪಂಜು ಹಿಡಿದು ಜನ ಸಾಲಾಗಿ ನಿಂತಿದಾರೆ ಮೇಡಂ. ನನ್ನ ಬೆನ್ನ ಹಿಂದೆ ಮನೆಗಳಿವೆ. ಎದ್ದು ಬರಲಾರದ ಮುದುಕರನ್ನ ಇನ್ನೂ ಹೊರಗೆ ತರ್ತಾ ಇದೀವಿ. ಬದುಕಿದಾರೆ ಅನ್ನೋ ಒಂದು ಗುರುತು ಕೊಡಿ, ನಿಲ್ಲಿಸ್ತೀನಿ.”

ಕಣಿವೆ ಚಿಕ್ಕದಲ್ಲ. ಹದಿನಾಲ್ಕನ್ನು ಕಟ್ಟಿದ ಮರ ಯಾವುದೆಂದು ಗೊತ್ತಿರುವವನು, ಕಾಣೆಯಾದವನನ್ನು ಬಿಟ್ಟರೆ, ಕಟ್ಟಿದವನೇ.

ಅವನು ಕೆಳಗೆ ಸಾಮಾನು ಕೋಣೆಯಲ್ಲಿ ಹಗ್ಗ ಸುತ್ತುತ್ತಿದ್ದ. ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಮರ ಹತ್ತುವ ಕೆಲಸ ಅವನದಾದದ್ದು ಒಂದು ಕಾರಣ. ನಿಂತರೆ ಬಾಗಿಲ ಚೌಕಟ್ಟು ತಲೆಗೆ ತಾಗುತ್ತಿದ್ದದ್ದು ಇನ್ನೊಂದು. ಇನ್ಸ್‌ಪೆಕ್ಟರ್ ಬಾಗಿಲು ಮುಚ್ಚಿ ಮರದ ಪೆಟ್ಟಿಗೆಯೊಂದರ ಮೇಲೆ ಕುಳಿತರು. ನೀನೂ ಕೂತ್ಕೊಳಪ್ಪ, ನಿನ್ನನ್ನ ನೋಡೋಕೆ ಕತ್ತು ಎತ್ತಿ ಎತ್ತಿ ನನಗೆ ನೋವು ಬಂತು ಎಂದರು. ಅವನು ನಗಲು ನೋಡಿದ, ಆಗಲಿಲ್ಲ.

“ಹದಿನಾಲ್ಕನ್ನ ಪಶ್ಚಿಮದಲ್ಲಿ ಯಾವ ಮರಕ್ಕೆ ಕಟ್ಟಿದೆ?”

ಬ್ಯಾಟರಿ ಹಾಕುವಾಗ ಎರಡನ್ನೂ ಒಟ್ಟಿಗೆ ಕೆಳಗಿಳಿಸಿದ್ದೆ, ಎಲ್ಲಾ ಪೆಟ್ಟಿಗೆಗಳೂ ಒಂದೇ ಥರ ಇರುತ್ತವೆ, ಕಟ್ಟುವಾಗ ಕೈತಪ್ಪಿರಬಹುದು ಎಂದು ಅವನು ಶುರುಮಾಡಿದ. ಇನ್ಸ್‌ಪೆಕ್ಟರ್ ಅಡ್ಡ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಗುಡ್ಡದ ಈ ಮೈಯಿಂದ ಆ ಮೈಗೆ ನಡೆಯಲು ಎಷ್ಟು ಹೊತ್ತು ಬೇಕು ಎಂದಷ್ಟೇ ಕೇಳಿದರು. ಅರ್ಧ ದಿನ ಎಂದ.

“ಅರ್ಧ ದಿನ ಹೊತ್ತುಕೊಂಡು ನಡೆದರೆ ಅದಕ್ಕೆ ಕೈತಪ್ಪು ಅನ್ನಲ್ಲ.”

ಏಣಿ ಹಗ್ಗದ ತುದಿ ಹಿಂಜತೊಡಗಿದ.

“ನಿನ್ನ ಜೊತೆ ಊಟ ಮಾಡ್ತಿದ್ದ ಮನುಷ್ಯ ಅಲ್ಲಿ ಬಿದ್ದಿದಾನೆ,” ಎಂದರು ಇನ್ಸ್‌ಪೆಕ್ಟರ್, ಅದೇ ದನಿಯಲ್ಲಿ. “ಗಾಳಿ ತಿರುಗಿದರೆ ಅವನ ಎರಡೂ ಕಡೆ ಬೆಂಕಿ. ನಿನ್ನನ್ನ ಜೈಲಿಗೆ ಕಳಿಸೋ ವಿಷಯ ನಾಳೆ ಮಾತಾಡೋಣ. ಮರ ಎಲ್ಲಿದೆ ಹೇಳು.”

“ಒಣ ಹಳ್ಳ ತಿರುಗೋ ಕಡೆ, ಬಂಡೆ ಪಕ್ಕ,” ಎಂದ ಏಣಿ. “ನಾನಾಗಿ ಮಾಡಿದ್ದಲ್ಲ ಮೇಡಂ. ಭಾವ ಹೇಳಿದ್ರು.”

ಭಾವ ಎಂದರೆ ಇಲ್ಲಿನ ಮೇಲ್ವಿಚಾರಕ. ಏಣಿಯ ಅಕ್ಕನ ಗಂಡ. ಅವನಿಗೆ ಈ ಕೆಲಸ ಕೊಡಿಸಿದವರೂ ಅವರೇ. ಅಲ್ಲಿಂದಾಚೆಗೆ ಮಾತು ಒಂದೇ ಸಮನೆ ಹರಿಯಿತು. ಪಶ್ಚಿಮದ ಇಳಿಜಾರಿನ ಮರೆಯಲ್ಲಿ ಮರ ಕಡಿದು ಇದ್ದಿಲು ಸುಡುತ್ತಿದ್ದರು. ಭಾವ ಅವರ ಕಡೆಯವರು. ಗೂಡಿಗೆ ಬೆಂಕಿ ಹಾಕಿದಾಗಲೆಲ್ಲ ಪೆಟ್ಟಿಗೆ ಕೂಗುತ್ತಿತ್ತು, ಕಾವಲಿನವರು ಬರುತ್ತಿದ್ದರು. ಪೆಟ್ಟಿಗೆ ಕೆಡಿಸಿದರೆ ಇನ್ನೊಂದು ತಂದು ಕಟ್ಟುತ್ತಾರೆ. ಅದರ ಬದಲು ಅದು ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ಜನ ಮಾತ್ರ ಪೂರ್ವಕ್ಕೆ ಓಡಲಿ ಎಂದು ಭಾವ ಲೆಕ್ಕ ಹಾಕಿದರು. ನಾಲ್ಕು ಸಲ ಓಡಿ ಬರಿಗೈಲಿ ಬಂದರೆ ಐದನೇ ಸಲ ಯಾರೂ ಏಳುವುದಿಲ್ಲ ಎಂದಿದ್ದರಂತೆ. ಹಾಗೇ ಆಯಿತು.

ಮೊನ್ನೆ ಒಂದು ಗೂಡಿನಿಂದ ಕಿಡಿ ಹಾರಿತು. ಹದಿನಾಲ್ಕು ಮತ್ತೆ ಕೂಗುತ್ತಿದೆ ಎಂದು ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದಾಗ ಅದನ್ನು ನಂಬಿ ಕಾಡಿಗೆ ಹೋದವನು ಕಾವಲುಗಾರ ಒಬ್ಬನೇ.

ಮೇಲಿಂದ ಕುರ್ಚಿ ಉರುಳಿದ ಸದ್ದು ಕೇಳಿತು. ಎಂಜಿನಿಯರ್ ಮೆಟ್ಟಿಲ ಮೇಲಿಂದಲೇ ಮೇಡಂ, ಮೇಡಂ ಎಂದು ಕರೆಯುತ್ತಿದ್ದಳು.

ಪರದೆಯಲ್ಲಿ ಹದಿನಾಲ್ಕರ ಚುಕ್ಕೆ ನೀಲಿಯಾಗಿತ್ತು. ಬಿಸಿಗಲ್ಲ, ಹೊಗೆಗಲ್ಲ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಗುಂಡಿ ಇದೆ, ಗೋಪುರಕ್ಕೆ ಸಂದೇಶ ತಲುಪುತ್ತಿದೆಯೇ ಎಂದು ಪರೀಕ್ಷಿಸಲು ಇಟ್ಟದ್ದು ಎಂದು ಅವಳು ಉಸಿರು ಕಟ್ಟಿ ಹೇಳಿದಳು. ಬೆರಳಿಟ್ಟು ಒತ್ತಿದರೆ ಮಾತ್ರ ಚುಕ್ಕೆ ನೀಲಿಯಾಗುತ್ತದೆ. ಗಾಳಿಗೆ ಆಗುವುದಿಲ್ಲ, ಕೊಂಬೆ ಬಿದ್ದರೆ ಆಗುವುದಿಲ್ಲ.

ಅವಳು ಹೇಳುತ್ತಿದ್ದಂತೆಯೇ ಚುಕ್ಕೆ ಆರಿತು. ಮತ್ತೆ ನೀಲಿಯಾಯಿತು. ಯಾರೋ ಬಿಡದೆ ಒತ್ತುತ್ತಿದ್ದರು.

ವೈರ್‌ಲೆಸ್ಸಿನಲ್ಲಿ ಕ್ಯಾಪ್ಟನ್ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಸ್ಥಳ ಒಣ ಹಳ್ಳದ ತಿರುವು ಎಂಬುದನ್ನೂ ಬರೆದುಕೊಂಡರು. ಆಮೇಲೆ ಅವರಿಗೆ ಬೇಕಾಗಿದ್ದದ್ದು ಒಂದೇ. ಅಲ್ಲಿರುವವರು ನಡೆಯಬಲ್ಲರೇ? ನಡೆಯಬಲ್ಲವರಾದರೆ ತಾವು ಸೈರನ್ ಊದುತ್ತೇವೆ, ಸದ್ದು ಹಿಡಿದು ಅವರೇ ಈಚೆ ಬರಲಿ, ಬಂದ ಕ್ಷಣ ಬೆಂಕಿ ಹಚ್ಚುತ್ತೇವೆ, ಗಾಳಿಯೂ ಕೈತಪ್ಪುವುದಿಲ್ಲ. ನಡೆಯಲಾರದವರಾದರೆ ಒಳಗೆ ಜನ ಕಳಿಸಿ ಹುಡುಕಿ ಹೊತ್ತು ತರಬೇಕು. ಹಾಗೆ ಮಾಡಿದರೆ ಇವತ್ತಿನ ಗಾಳಿ ಹೋಯಿತು ಎಂದೇ ಲೆಕ್ಕ, ಮನೆಗಳ ಮೇಲಿನ ಆಸೆ ಅರ್ಧ ಬಿಡಬೇಕು.

ಎಂಜಿನಿಯರ್ ಸೆಟ್ಟನ್ನು ಇನ್ಸ್‌ಪೆಕ್ಟರ್ ಕೈಯಿಂದ ತೆಗೆದುಕೊಂಡಳು.

“ನಮ್ಮಣ್ಣ ಸರ್. ಕಾಲಿಗೆ ಬಲವಾಗಿ ಪೆಟ್ಟಾಗಿದೆ. ಇಲ್ಲದಿದ್ರೆ ಮೊನ್ನೆಯೇ ಮನೆಗೆ ಬರ್ತಿದ್ದ. ಅವನು ನಡೆಯಲ್ಲ. ಜನ ಕಳಿಸಿ.”

ದನಿ ಒಂದು ಚೂರೂ ನಡುಗಲಿಲ್ಲ. ಕ್ಯಾಪ್ಟನ್ ಸರಿ ಎಂದರು. ಪಂಜು ಇಳಿಸಿ ಎಂದು ಅವರು ಕೂಗಿದ್ದು ಈ ಕೋಣೆಗೂ ಕೇಳಿಸಿತು.

ಏಣಿ ಯಾವಾಗ ಮೇಲೆ ಬಂದನೋ ಗೊತ್ತಿಲ್ಲ. ಬಾಗಿಲಿಗೆ ಒರಗಿ, ಪರದೆಯ ನೀಲಿ ಚುಕ್ಕೆಯನ್ನು ಕಣ್ಣು ಕೀಳದೆ ನೋಡುತ್ತಿದ್ದ. ಇನ್ಸ್‌ಪೆಕ್ಟರ್ ಅವನನ್ನು ಮೊಗಸಾಲೆಗೆ ಕರೆದೊಯ್ದರು.

“ಬೆಳಿಗ್ಗೆ ಭಾವ ಕಣಿವೆಗೆ ಹೋದ್ರು,” ಎಂದ ಅವನು, ಪಿಸುಮಾತಿನಲ್ಲಿ. “ನೀವು ನಿನ್ನೆ ಆ ಎರಡು ಪೆಟ್ಟಿಗೆ ನಾನೇ ಹೋಗಿ ನೋಡ್ತೀನಿ ಅಂದ್ರಲ್ಲ. ಅದಕ್ಕೆ. ಹದಿನಾಲ್ಕನ್ನ ಬಿಚ್ಚಿಕೊಂಡು ಬಂದುಬಿಡ್ತೀನಿ, ಬೆಂಕಿ ಇನ್ನೂ ಮೇಲಿದೆ ಅಂದ್ರು. ವಾಪಸ್ ಬಂದಿಲ್ಲ. ಅಕ್ಕ ಫೋನ್ ಮೇಲೆ ಫೋನ್ ಮಾಡ್ತಿದಾಳೆ.”

“ಗುಂಡಿ ಒತ್ತಿರೋದು ಕಾವಲುಗಾರರೂ ಇರಬಹುದಲ್ಲ.”

ಏಣಿ ಸೊಂಟದಿಂದ ಸ್ಕ್ರೂ ಬಿಚ್ಚುವ ಒಂದು ತಿರುಪುಳಿ ತೆಗೆದು ತೋರಿಸಿದ. ಅದರ ತುದಿ ಚಪ್ಪಟೆಯಲ್ಲ, ನಕ್ಷತ್ರದ ಹಾಗೆ ಕೊರೆದದ್ದು. ಕಾಡಿನಲ್ಲಿ ಓಡಾಡುವವರು ಯಾರೂ ಬಿಚ್ಚದಿರಲಿ ಎಂದು ಪೆಟ್ಟಿಗೆಯ ಮುಚ್ಚಳಕ್ಕೆಂದೇ ಮಾಡಿಸಿದ್ದು. ಇದಿಲ್ಲದೆ ಗುಂಡಿ ಸಿಗುವುದಿಲ್ಲ, ಕಲ್ಲಿನಿಂದ ಜಜ್ಜಿದರೆ ಪೆಟ್ಟಿಗೆಯೇ ಸಾಯುತ್ತದೆ. ಮಾಡಿಸಿದ್ದು ಮೂರೇ. ಒಂದು ಇದು, ಒಂದು ಭಾವನ ಹತ್ತಿರ.

ಮೂರನೆಯದನ್ನು ಅವನು ಹೇಳಬೇಕಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಒಳಗೆ ಬಂದಾಗ ಎಂಜಿನಿಯರ್ ಕಿಟಕಿ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು.

“ನಿನ್ನ ತಿರುಪುಳಿ ಎಲ್ಲಿದೆ?”

ಅವಳು ತಿರುಗದೆಯೇ ಕೈಚೀಲದೊಳಗೆ ಕೈ ಹಾಕಿ, ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಅಣ್ಣನ ಹತ್ರ ಇಲ್ಲ ಅಂತ ಮಾತಾಡುವಾಗಲೇ ಗೊತ್ತಿತ್ತು ನಿನಗೆ.”

“ಗೊತ್ತಿತ್ತು ಮೇಡಂ. ಏಣಿ ಇಲ್ಲಿದಾನೆ, ನಾನು ಇಲ್ಲಿದೀನಿ. ಉಳಿದದ್ದು ಒಬ್ಬರೇ.” ಅವಳು ತಿರುಗಿದಳು. “ಅವರ ಕೈಕಾಲು ಗಟ್ಟಿಯಿದೆ, ಹೊಗೆಯಲ್ಲಿ ದಾರಿ ಕಾಣ್ತಿಲ್ಲ ಅಷ್ಟೇ. ಸೈರನ್ ಕೇಳಿದರೆ ಎದ್ದು ಬರ್ತಾರೆ. ಬಂದರೆ ಕಣಿವೆ ಖಾಲಿ ಅಂದ್ಕೊಂಡು ಕ್ಯಾಪ್ಟನ್ ಹಚ್ಚಿಬಿಡ್ತಾರೆ. ನಮ್ಮಣ್ಣನ ಕೈಯಲ್ಲಿ ಒತ್ತೋಕೆ ಗುಂಡಿ ಇಲ್ಲ. ಅವನು ಅಲ್ಲೇ ಇದಾನೆ ಅಂತ ಹೇಳೋರು ಯಾರು?”

“ಇಲ್ಲದೆಯೂ ಇರಬಹುದು.”

“ಇರಬಹುದು.”

“ಇವತ್ತು ಬೆಂಕಿ ಹಚ್ಚದಿದ್ದರೆ ಕೆಳಗಿನ ಮನೆಗಳು?”

ಅವಳು ಪರದೆಯ ಕಡೆ ನೋಡಿದಳು. ಗೋಡೆಯ ಮೇಲೆ ಚುಕ್ಕೆ ಆರುತ್ತಿತ್ತು, ಹೊತ್ತುತ್ತಿತ್ತು. ಬಾಗಿಲಲ್ಲಿ ಏಣಿಯ ಜೇಬಿನ ಫೋನ್ ಬಡಿದುಕೊಳ್ಳತೊಡಗಿತು. ಅವನು ತೆಗೆದು ನೋಡಿ, ಅಕ್ಕ ಎಂದ, ಎತ್ತಲಿಲ್ಲ.

ಕಿಟಕಿಯ ಸಂದಿನ ಒದ್ದೆ ಬಟ್ಟೆಯ ತುದಿ ಮೆಲ್ಲಗೆ ಅಲುಗಿತು. ಇಷ್ಟು ಹೊತ್ತೂ ಗಾಜಿಗೆ ಒತ್ತಿಕೊಂಡು ನಿಂತಿದ್ದ ಹೊಗೆ ಹಿಂದಕ್ಕೆ, ಗುಡ್ಡದ ಕಡೆಗೆ ಸರಿಯುತ್ತಿತ್ತು. ರಸ್ತೆ ಕಂಡಿತು. ಅದರಾಚೆ ಮನೆಗಳ ಛಾವಣಿಗಳು ಕಂಡವು. ಒಂದು ಮನೆಯ ಮುಂದೆ ಇಬ್ಬರು ಒಬ್ಬ ಮುದುಕಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಹೊರಗೆ ಬರುತ್ತಿದ್ದರು.

ವೈರ್‌ಲೆಸ್ ಗರಗರಿಸಿತು.

“ಮೇಡಂ, ಗಾಳಿ ತಿರುಗಿದೆ. ಹುಡುಗರು ಹಗ್ಗ ಕಟ್ಟಿಕೊಂಡು ಇಳಿಯೋಕೆ ನಿಂತಿದಾರೆ. ಇಳಿಸಿದ ಮೇಲೆ ನಾನು ಬೆಂಕಿ ಹಚ್ಚೋ ಹಾಗಿಲ್ಲ.” ಕ್ಯಾಪ್ಟನ್ ಕೆಮ್ಮಿದರು. “ಆ ಹುಡುಗಿ ತಂಗಿ, ಅವಳ ಮಾತಿನ ಮೇಲೆ ನಾನು ಇಷ್ಟು ಜನರನ್ನ ಪಣಕ್ಕಿಡಲಾರೆ. ನಿಮ್ಮ ಬಾಯಿಂದ ಕೇಳ್ಬೇಕು. ಅಲ್ಲಿರೋದು ಕಾವಲುಗಾರ ತಾನೇ?”

ಎಂಜಿನಿಯರ್ ಕೈ ಮುಗಿಯಲಿಲ್ಲ. ಬೇಡಲಿಲ್ಲ. ಮೇಜಿನ ಅಂಚು ಹಿಡಿದು ಇನ್ಸ್‌ಪೆಕ್ಟರ್ ಮುಖವನ್ನು ನೋಡುತ್ತಾ ನಿಂತಳು.

ಇನ್ಸ್‌ಪೆಕ್ಟರ್ ಸೆಟ್ಟನ್ನು ಬಾಯಿ ಹತ್ತಿರ ತಂದು, ಮಾತಾಡುವ ಗುಂಡಿ ಒತ್ತಿದರು.